ಬಾಯಿಬಿಟ್ಟು ಎಣಿಸಿದರೆ

ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ನಾನು ಗುಡ್ಡದ ಮೇಲಿನ ಡೇರೆಯಲ್ಲಿ ಒಬ್ಬನೇ ಇದ್ದೆ. ಜೊತೆಗಿದ್ದ ಓವರ್‌ಸಿಯರ್ ಗೆಳೆಯ ಓದಲೆಂದು ಅಮೆರಿಕಕ್ಕೆ ಹೋಗಿದ್ದ. ಕಾಗದ ಬರೆಯುತ್ತೇನೆ ಅಂದವನು ಕೊನೆಗೆ ಕಳಿಸಿದ್ದು ಅವನ ವಿಶ್ವವಿದ್ಯಾಲಯದ ಅಚ್ಚಿನ ಪುಸ್ತಿಕೆ. ಅದರಲ್ಲಿ ಅವನ ಕೈಬರಹದ ಒಂದು ಸಾಲೂ ಇರಲಿಲ್ಲ.

ಮಾತಿಗೆ ಯಾರಾದರೂ ಸಿಕ್ಕರೆ ಸಾಕಾಗಿತ್ತು. ಕುಡಿಯಲು ನೀರು ಕೇಳಿ ಬಂದ ಕುರಿ ಕಾಯುವ ಈರಜ್ಜನನ್ನು ಕೂರಿಸಿಕೊಂಡು ಆ ಪುಸ್ತಿಕೆಯನ್ನೇ ಓದಿ ಹೇಳತೊಡಗಿದೆ. ಆ ವಿಶ್ವವಿದ್ಯಾಲಯ ಸರ್ಕಾರದ್ದಲ್ಲ, ಸಾಹುಕಾರನೊಬ್ಬನ ದಾನದಿಂದ ಎದ್ದದ್ದು. ಪುಸ್ತಕ ಇಷ್ಟು ಲಕ್ಷ, ಮೇಷ್ಟ್ರುಗಳು ಇಷ್ಟು ನೂರು, ವಿದ್ಯಾರ್ಥಿಗಳು ಇಷ್ಟು ಸಾವಿರ...

ಈರಜ್ಜ ಗಾಬರಿಯಾಗಿ ಕೈ ಅಡ್ಡ ಹಿಡಿದ. "ಸಾಕು ನಿಲ್ಲಿಸ್ರಿ ಸ್ವಾಮಿ! ಜೀವ ಇರೋವನ್ನ ಹಂಗೆ ಬಾಯಿಬಿಟ್ಟು ಎಣಿಸಬಾರ್ದು, ದೃಷ್ಟಿ ಆಗ್ತೈತೆ. ನಾವು ಕುರೀನೇ ಎಣಿಸಲ್ಲ."

"ಮತ್ತೆ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತೆ?"

"ಮುಖ ನೋಡ್ತೀವಲ್ಲ. ಇಲ್ಲದ ಮುಖ ಗೊತ್ತಾಗೇ ಆಗ್ತೈತೆ." ಆಮೇಲೆ ಪುಸ್ತಿಕೆಯತ್ತ ಬಗ್ಗಿದ. "ನಿಮ್ಮ ಗೆಳೆಯ ಇದ್ರಾಗೆ ಎಲ್ಲವ್ನೆ, ತೋರಿಸ್ರಿ."

ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಬೆರಳಿಟ್ಟೆ. ಅಜ್ಜ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕಂಬಳಿ ಹೆಗಲಿಗೇರಿಸಿದ.

ಹೊರಡುವಾಗ ಡೇರೆಯೊಳಗೆ ಇಣುಕಿ, "ಇಲ್ಲಿ ನೀವು ಎಷ್ಟು ಜನ..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

"ಪರವಾಗಿಲ್ಲ, ಕೇಳಜ್ಜ," ಎಂದೆ. ದೃಷ್ಟಿಯಾಗುವಷ್ಟು ಜನ ಅಲ್ಲಿರಲಿಲ್ಲ.