ಗೆರೆಯ ತುದಿಯ ಕುರ್ಚಿ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲಿನ ಪದರದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಕರೆಂಟಿನ ಕತ್ತರಿಯಿಂದ ಅಷ್ಟನ್ನೂ ಒಟ್ಟಿಗೆ ಕತ್ತರಿಸುವುದು ಅವರ ಕೆಲಸ. ಗೆರೆ ತಪ್ಪಿದರೆ ಕೆಡುವುದು ಒಂದು ಅಂಗಿಯಲ್ಲ, ಇಡೀ ಅಟ್ಟಿ. ರಜೆ ಸಿಕ್ಕರೆ ಅವರು ಹೋಗಿ ಕೂರುವುದೂ ಗೆರೆಯ ಮುಂದೆಯೇ, ಬ್ಯಾಡ್ಮಿಂಟನ್ ಕೋರ್ಟಿನ ಅಂಚಿನಲ್ಲಿ, ಲೈನ್ ಜಡ್ಜ್ ಆಗಿ.

"ವಾರವೆಲ್ಲ ಗೆರೆ ನೋಡಿದ್ದು ಸಾಲದು ಅಂತ ಭಾನುವಾರಾನೂ ಗೆರೆ ನೋಡಕ್ಕೆ ಹೋಗ್ತಾರೆ," ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ಹೇಳುತ್ತಿದ್ದರು. "ನನ್ನ ಮುಖಾನ ಅಷ್ಟು ಹೊತ್ತು ನೋಡಿದ್ದು ಹೆಣ್ಣು ನೋಡಕ್ಕೆ ಬಂದಾಗ ಮಾತ್ರ."

ವಯಸ್ಸಿನಲ್ಲಿ ಅವರೂ ಆಡಿದವರೇ. ಮಂಡಿ ಕೈಕೊಟ್ಟ ಮೇಲೆ ಕ್ಲಬ್ಬಿನ ಹಿರಿಯರೊಬ್ಬರು ಸುಮ್ಮನೆ ಕೂತಿರುವ ಬದಲು ಇಲ್ಲಿ ಕೂತ್ಕೋ ಎಂದು ಗೆರೆಯ ತುದಿಯ ಕುರ್ಚಿ ತೋರಿಸಿದ್ದರು. ಆ ಕೆಲಸಕ್ಕೆ ಇರುವುದು ಮೂರೇ ಸನ್ನೆ. ಶಟಲ್ ಒಳಗೆ ಬಿದ್ದರೆ ಬಾಯಿ ಬಿಡದೆ ಬಲಗೈಯಿಂದ ಗೆರೆ ತೋರಿಸಬೇಕು. ಹೊರಗೆ ಬಿದ್ದರೆ ಎರಡೂ ತೋಳು ಚಾಚಿ ಗಟ್ಟಿಯಾಗಿ 'ಔಟ್' ಅನ್ನಬೇಕು. ಕಾಣದೆ ಹೋದರೆ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಳ್ಳಬೇಕು. ಈ ಮೂರನೆಯದನ್ನು ಮಾಸ್ಟರ್ ಒಮ್ಮೆಯೂ ಮಾಡಿರಲಿಲ್ಲ. ಹೊಸಬರಿಗೆ ಕಲಿಸುವಾಗಲೂ ಕೈಗಳನ್ನು ಹುಬ್ಬಿನ ತನಕ ತಂದು ಇಳಿಸಿಬಿಡುತ್ತಿದ್ದರು.

ಅವರ ಊರಿನಲ್ಲಿ ಹಲವು ದೇಶಗಳ ಕ್ರೀಡಾಕೂಟ ನಡೆದು, ಪುರುಷರ ಸಿಂಗಲ್ಸ್‌ಗೆ ಅವರನ್ನು ಲೈನ್ ಜಡ್ಜ್ ಆಗಿ ಆರಿಸಿದಾಗ ಸಂತೋಷಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಮನೆಯಲ್ಲಿ ಅದನ್ನು ಹಂಚಿಕೊಳ್ಳುವ ಹಾಗಿರಲಿಲ್ಲ. ಮಹಡಿಯ ಮೇಲೆ ವಾಸವಿದ್ದ ಹೆಂಡತಿಯ ತಮ್ಮ ಮಾತು ಬಿಟ್ಟಿದ್ದ.

ಈ ಬಾಮೈದ ಕಟಿಂಗ್ ಮೇಜಿನ ಇನ್ನೊಂದು ತುದಿಯಲ್ಲಿ ಬಟ್ಟೆ ಹಿಡಿಯುತ್ತಿದ್ದವನು. ಕೈಗೆ ಕೈ ಸೇರಿಸಿ ದುಡಿದು ಇಬ್ಬರೂ ಒಂದೇ ಜೀವದ ಹಾಗೆ ಆಗಿದ್ದರು. ಕ್ರೀಡಾಕೂಟಕ್ಕೆ ಸ್ವಲ್ಪ ಮುಂಚೆ ಸಮವಸ್ತ್ರದ ಒಂದು ಅಟ್ಟಿ ಓರೆಯಾಗಿ ಕತ್ತರಿಸಿಹೋಯಿತು. ಒಂದು ತೋಳೂ ಇನ್ನೊಂದಕ್ಕೆ ಕೂಡಲಿಲ್ಲ. ಕಾರ್ಖಾನೆಯ ಯಜಮಾನಿ ಬಂದು ಏನಾಯಿತು ಎಂದಾಗ, ಅವನೇ ಬಟ್ಟೆ ಎಳೆದ, ನಾನೇ ಕಣ್ಣಾರೆ ನೋಡಿದೆ ಎಂದುಬಿಟ್ಟರು ಮಾಸ್ಟರ್. ಅವರ ಕಣ್ಣಿನ ಮೇಲೆ ಎದುರು ಮಾತಿರಲಿಲ್ಲ. ಬಾಮೈದನನ್ನು ಗುಂಡಿ ಹಚ್ಚುವ ವಿಭಾಗಕ್ಕೆ ಹಾಕಿದರು. ಅವನು ಅಕ್ಕನ ಹತ್ತಿರ ಬೇರೆ ಕಾರ್ಖಾನೆ, ಬೇರೆ ಮನೆ ಎರಡನ್ನೂ ಹುಡುಕುತ್ತಿದ್ದೇನೆ ಎಂದ. ಅಕ್ಕ ಗಂಡನ ಕಡೆ ಒಂದು ಮಾತು, ತಮ್ಮನ ಕಡೆ ಒಂದು ಮಾತು ಆಡಿ ಸೋತು, ಎರಡು ತಟ್ಟೆಗಳ ನಡುವೆ ಸುಮ್ಮನೆ ಕೂತು ಊಟ ಮಾಡತೊಡಗಿದರು.

ಕ್ವಾರ್ಟರ್ ಫೈನಲ್ ದಿನ ಮಾಸ್ಟರ್‌ಗೆ ಎರಡನೇ ಕೋರ್ಟು ಬಿತ್ತು. ಮರುಪರಿಶೀಲನೆಯ ಕ್ಯಾಮೆರಾಗಳು ಇದ್ದದ್ದು ಮೊದಲನೇ ಕೋರ್ಟಿನಲ್ಲಿ ಮಾತ್ರ. ಅವರ ಕುರ್ಚಿ ಪಕ್ಕದ ಗೆರೆಯ ನೇರಕ್ಕೆ, ಆಟಗಾರನ ಬೆನ್ನ ಹಿಂದೆ. ಮಂಡಿಯ ಮೇಲೆ ಕೈ, ಗೆರೆಯ ಮೇಲೆ ಕಣ್ಣು. ಆಡುತ್ತಿದ್ದವರು ಆತಿಥೇಯ ದೇಶದ ಎಡಗೈ ಆಟಗಾರ ಮತ್ತು ಹೊರಗಿನಿಂದ ಬಂದ, ಕುಳ್ಳಗಿನ, ಎಂಥ ಹೊಡೆತವನ್ನೂ ಎತ್ತಿ ವಾಪಸು ಕಳಿಸುವ ತಾಳ್ಮೆಯ ಇನ್ನೊಬ್ಬ. ಒಬ್ಬೊಬ್ಬರು ಒಂದೊಂದು ಗೇಮ್ ಗೆದ್ದರು. ಮೂರನೆಯದರಲ್ಲಿ ಇಬ್ಬರೂ ಹತ್ತೊಂಬತ್ತಕ್ಕೆ ನಿಂತರು.

ಕುಳ್ಳಗಿನವನು ಗೆರೆಗುಂಟ ಸ್ಮ್ಯಾಶ್ ಹೊಡೆದ. ಎಡಗೈಯವನು ಮೂಲೆಗೆ ಹಾರಿ, ಅಡ್ಡಲಾಗಿ ಬಿದ್ದ. ಅವನ ಬೆನ್ನಿನ ಆಚೆ ಶಟಲ್ ಟಪ್ಪೆಂದಿತು. ಬಿದ್ದ ಜಾಗದಿಂದಲೇ ಅವನು ತೋಳು ಚಾಚಿ ಔಟ್ ಎಂದು ತೋರಿಸಿದ. ಸಭಾಂಗಣವೂ ಅದನ್ನೇ ಕೂಗಿತು.

ಮಾಸ್ಟರ್ ತೋಳುಗಳು ತಾವಾಗಿಯೇ ಏಳತೊಡಗಿದವು. ಸದ್ದು ಹೊರಗಿನದು ಅನಿಸಿತ್ತು. ಆಟಗಾರನ ಮುಖವೂ ಅದನ್ನೇ ಹೇಳುತ್ತಿತ್ತು. ಆದರೆ ಕಣ್ಣಿಗೆ ಬಿದ್ದದ್ದು ಬೆವರಿನಿಂದ ಅಂಟಿಕೊಂಡ ಅಂಗಿಯೊಂದೇ. ಸದ್ದು, ಒಬ್ಬನ ಮುಖ, ಉಳಿದದ್ದು ಊಹೆ. ಅಟ್ಟಿ ಕೆಟ್ಟ ದಿನದ ಕಟಿಂಗ್ ಮೇಜೂ ಹೀಗೇ ಇತ್ತು ಎಂಬುದು ಅವರಿಗೆ ಹೊಳೆಯಿತು. ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದ್ದಾಗ ಬಟ್ಟೆ ಸರಿದ ಸರಬರ ಕೇಳಿತ್ತು. ಎದ್ದಾಗ ಬಾಮೈದನ ಮುಖ ಸಪ್ಪಗಿತ್ತು. ಅಷ್ಟನ್ನೇ ಹೊಲಿದು 'ನೋಡಿದೆ' ಎಂದಿದ್ದರು.

ಅವರು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡರು.

ಒಳಗಿನ ಕತ್ತಲಲ್ಲಿ ಶಿಳ್ಳೆ, ಬೈಗುಳ ಎಲ್ಲ ಕೇಳಿಸಿದವು. ಮುದುಕನಿಗೆ ಕನ್ನಡಕ ಕೊಡಿಸ್ರೋ ಎಂದು ಮೇಲಿನ ಸಾಲಿನಿಂದ ಯಾರೋ ಅಂದದ್ದೂ ಕೇಳಿಸಿತು. ಅಂಪೈರ್‌ಗೂ ಆ ಮೂಲೆ ಕಂಡಿರಲಿಲ್ಲ. ಅವರು 'ಲೆಟ್' ಎಂದರು, ಅಂದರೆ ಆ ಪಾಯಿಂಟ್ ಯಾರಿಗೂ ಇಲ್ಲ, ಮತ್ತೆ ಆಡಬೇಕು. ಮತ್ತೆ ಆಡಿದ್ದನ್ನು ಎಡಗೈಯವನು ನೆಟ್‌ಗೆ ಹೊಡೆದ. ಅದರ ಮುಂದಿನದನ್ನೂ ಸೋತ. ಬ್ಯಾಗ್ ಹೆಗಲಿಗೇರಿಸಿ ಹೋಗುವಾಗ ಮಾಸ್ಟರ್ ಕುರ್ಚಿಯ ಕಡೆ ತಿರುಗಿ ನೋಡಲಿಲ್ಲ. ಲೈನ್ ಜಡ್ಜ್‌ಗಳ ಮೇಲ್ವಿಚಾರಕಿ ಮಾತ್ರ ನೀರಿನ ಬಾಟಲಿ ಕೊಟ್ಟು, ಕಾಣದ್ದನ್ನ ಕಾಣಲಿಲ್ಲ ಅಂದ್ರಿ, ಅದರಲ್ಲಿ ತಪ್ಪೇನಿಲ್ಲ ಎಂದು ಹೇಳಿ ಮುಂದಿನ ಪಂದ್ಯಕ್ಕೆ ಹೋದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಸಾಲು ದಾಟುವಾಗ ಒಬ್ಬೊಬ್ಬರೂ ಕಣ್ಣು ಮುಚ್ಚಿ ತೋರಿಸಿದರು. ಮಾಸ್ಟರ್ ನಕ್ಕರು, ಆದರೆ ನಿಲ್ಲಲಿಲ್ಲ. ಮೊದಲು ಯಜಮಾನಿಯ ಕೋಣೆಗೆ ಹೋಗಿ, ಆ ಅಟ್ಟಿಯ ವಿಷಯದಲ್ಲಿ ನಾನು ನೋಡಿದೆ ಅಂದದ್ದು ಸುಳ್ಳು, ಆಗ ನಾನು ಬಗ್ಗಿದ್ದೆ ಎಂದು ಹೇಳಿದರು. ಆಕೆ, ಹಾಗಾದರೆ ಅವನನ್ನು ಮೇಜಿಗೆ ವಾಪಸು ನೀವೇ ಹೋಗಿ ಕರೆಯಿರಿ, ಬರುತ್ತಾನೋ ಇಲ್ಲವೋ ಅವನಿಗೆ ಬಿಟ್ಟದ್ದು ಎಂದರು.

ಗುಂಡಿ ವಿಭಾಗದ ಕಿಟಕಿಯ ಪಕ್ಕ ಬಾಮೈದ ತಲೆ ತಗ್ಗಿಸಿ ಕೂತಿದ್ದ. ಮುಂದೆ ಗುಂಡಿಗಳ ತಟ್ಟೆ. ಮಾಸ್ಟರ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಎದುರು ನಿಂತ ಮೇಲೆ ಒಂದೂ ನೆನಪಾಗಲಿಲ್ಲ. ಕೈ ಎತ್ತಿ, ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡರು. ಸುತ್ತಲಿನ ಕೆಲಸ ನಿಂತುಹೋಯಿತು.

ಬಾಮೈದನ ದನಿ ಕೇಳಿಸಿತು. "ನಿನ್ನೆ ನಿಮ್ಮ ಮ್ಯಾಚ್ ನೋಡಿದೆ. ಎಲ್ರೂ ಬೈದ್ರು ನಿಮ್ಮನ್ನ. ನಾನೂ ಬೈದೆ."

"ಬೈಯೋದೇ ಸರಿ."

"ಔಟ್ ಅಂದಿದ್ರೆ ನಮ್ಮವನು ಸೆಮಿಫೈನಲ್ ಆಡ್ತಿದ್ನೇನೋ."

"ಏನೋಪ್ಪ. ನಂಗೆ ಕಾಣಲಿಲ್ಲ. ಆವತ್ತೂ ಕಾಣಲಿಲ್ಲ, ಬಿದ್ದ ಸೀಮೆಸುಣ್ಣ ಎತ್ಕೊಳ್ಳೋಕೆ ಬಗ್ಗಿದ್ದೆ."

ಬಾಮೈದ ಬೆರಳಿನಿಂದ ಗುಂಡಿಗಳನ್ನು ಅತ್ತಿತ್ತ ಸರಿಸಿದ. "ನಾನು ಎಳೆದ್ನಾ ಇಲ್ವಾ ಅನ್ನೋದು ನಂಗೂ ಗೊತ್ತಿಲ್ಲ, ಭಾವ. ನೀವು ನೋಡಿದೆ ಅಂದ್ರಲ್ಲ, ಅದಕ್ಕೆ ಉರಿದುಹೋಯ್ತು."

ಮಾಸ್ಟರ್ ಕೈ ಇಳಿಸಿದರು. ಬಾಮೈದ ಕೈಲಿದ್ದ ಅಂಗಿಗೆ ಉಳಿದಿದ್ದ ಗುಂಡಿಯನ್ನು ಹಚ್ಚಿ, ದಾರ ಕಡಿದು, ಮಡಚಿಟ್ಟು ಎದ್ದ. ಇಬ್ಬರೂ ಕಟಿಂಗ್ ಮೇಜಿನ ತನಕ ನಡೆದರು. ಅಲ್ಲಿ ಹೊಸ ಬಟ್ಟೆಯ ಸುರುಳಿ ಕಾಯುತ್ತಿತ್ತು. ಬಾಮೈದ ತನ್ನ ತುದಿಗೆ ಹೋಗಿ ಅಂಚು ಹಿಡಿದ.

"ಸೀಮೆಸುಣ್ಣ ಬಿದ್ರೆ ಮೊದಲು ಹೇಳಿಬಿಡಿ," ಎಂದ. "ನಾನೂ ಬಟ್ಟೆ ಬಿಟ್ಟು ಕೈ ಎತ್ತಿ ನಿಂತ್ಕೋತೀನಿ."