ಭಾವನ ಎಡೆಗೆ ಬಾಳೆ ಮೀನು

ಬೆಳಗಿನ ಆರರ ಬಸ್ಸಿಗೆ ಮೈಸೂರು ಬಿಡಬೇಕೆಂದುಕೊಂಡಿದ್ದೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಬೀದಿಯ ತುದಿಯಿಂದ ವಾಪಸು ಹೋಗಿ ನೋಡಿದ್ದರಿಂದ ಏಳೂವರೆಯದು ಸಿಕ್ಕಿತು. ಮೂರನೆಯ ಸಲ ನಾನು ಆರಿಸಿದ ಒಲೆಯ ಮೇಲೆ ಹೆಂಡತಿಯ ಕಾಫಿ ಕಾಯುತ್ತಿತ್ತು. ಅವಳು ಥರ್ಮಾಕೋಲ್ ಪೆಟ್ಟಿಗೆಯನ್ನು ಕೈಗಿತ್ತು ಬಾಗಿಲು ಹಾಕಿಕೊಂಡಳು.

ಪೆಟ್ಟಿಗೆ ಮೀನಿಗೆ. ಮೀನು ಭಾವನಿಗೆ. ಭಾವ ತೀರಿಕೊಂಡು ವರ್ಷ ದಾಟಿದೆ.

ನನ್ನ ಅಕ್ಕನ ಊರು ಚಾಮರಾಜನಗರದಾಚೆ, ಚಂದಕವಾಡಿಯ ಪಕ್ಕ. ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರು ಆಸೆಪಟ್ಟು ತಿನ್ನುತ್ತಿದ್ದುದೆಲ್ಲ ಎಲೆಯ ಮೇಲೆ ಬರಬೇಕು. ವರ್ಷ ತುಂಬಿದ ಮೇಲೆ ಭಾವನಿಗೆ ಇದು ಮೊದಲ ಪಕ್ಷ. ಅಕ್ಕ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಎಲ್ಲಾನೂ ನಾನು ಮಾಡ್ತೀನಿ ಕಣ್ಲಾ. ಬಾಳೆ ಮೀನು ಮಾತ್ರ ನೀನು ತಂದ್ಬುಡು."

ಅದರ ಹಿಂದಿನ ಕತೆ ನನಗೆ ಗೊತ್ತಿತ್ತು. ಹೋದ ವರ್ಷ ಶ್ರಾವಣದ ಒಂದು ಶನಿವಾರ ಭಾವ ಊರ ಕೆರೆಯಿಂದ ತೋಳುದ್ದದ ಬಾಳೆ ಮೀನನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಶ್ರಾವಣ ಶನಿವಾರ ಮನೆಯೊಳಗೆ ಮೀನು ಬರುವುದುಂಟೇ? ಅಕ್ಕ ಹೊಸಿಲಿನಲ್ಲೇ ತಡೆದಳು. ಭಾವ ಮೀನನ್ನು ಯಾರಿಗೋ ಕೊಟ್ಟು ಬಂದು, ಮಜ್ಜಿಗೆಯಲ್ಲಿ ಉಂಡು ಮಲಗಿದರು. ಮಂಗಳವಾರ ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲ. ವೈದ್ಯರು ಹೃದಯ ಅಂದರು. ಅಕ್ಕ ಮೀನು ಅನ್ನುತ್ತಾಳೆ.

ಬಾಳೆ ಮೀನು ಈಗ ಮೈಸೂರಿನಲ್ಲಿ ಸಿಗುವುದಿಲ್ಲ. ಚಾಮರಾಜನಗರದ ಮಾರುಕಟ್ಟೆಯಲ್ಲಿ ಅಕ್ಕ ವಾರವಿಡೀ ವಿಚಾರಿಸಿದ್ದಳು. ಕಬಿನಿಯ ಮೀನು ಕೇರಳಕ್ಕೆ ಹೋಗುವಾಗ ಗುಂಡ್ಲುಪೇಟೆಯಲ್ಲಿ ಒಂದಿಷ್ಟು ಇಳಿಯುತ್ತದೆ ಎಂದು ಆಫೀಸಿನವರೊಬ್ಬರು ಹೇಳಿದ್ದರಿಂದ ನಾನು ಸುತ್ತು ದಾರಿ ಹಿಡಿದಿದ್ದೆ.

ನಂಜನಗೂಡು ದಾಟುವಾಗ ಜಿನುಗು ಮಳೆ ಶುರುವಾಯಿತು. ಅರವತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಕಂಡಕ್ಟರ್ ಅದನ್ನು ಬೆರಳಿನಿಂದ ತಟ್ಟಿ, "ಖಾಲಿನಾ ಸಾರ್? ತುಂಬಿಸ್ಕಂಡು ನಮ್ ಬಸ್ಸಿಗೆ ಬರ್ಬೇಡಿ ಮತ್ತೆ" ಅಂದ. ಗುಂಡ್ಲುಪೇಟೆಯಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಹೂ ಕಿತ್ತು ಮುಗಿದ ಚೆಂಡುಹೂವಿನ ಹೊಲಗಳು ಕಪ್ಪಾಗಿ ಮಲಗಿದ್ದವು. ಗೋಪಾಲಸ್ವಾಮಿ ಬೆಟ್ಟ ಇರಬೇಕಾದ ಕಡೆ ಬರೀ ಮೋಡವಿತ್ತು.

"ಬಾಳೆನಾ? ಈಗ ಬಂದು ಕೇಳ್ತೀರಲ್ಲ ಸಾರ್!" ಎಂದ ಮೊದಲ ಅಂಗಡಿಯವನು. "ಬೆಳಿಗ್ಗೆ ಆರಕ್ಕೆ ಕೇರಳದ ಕಾಡುದಾರಿ ಮದ್ದೂರು ಗೇಟು ತೆಗೀತಿದ್ದಂಗೆ ಗಾಡಿ ಹೋಗಾಯ್ತು. ಬಾಳೆ ಅಂದ್ರೆ ಆ ಕಡೆಯವ್ರು ಜೀವ ಬುಡ್ತಾರೆ. ಉಳ್ದಿದ್ದು ಒಂದೋ ಎರಡೋ, ಅದೂ ಎಂಟಕ್ಕೇ ಮುಗೀತು."

ನಾನು ಗ್ಯಾಸ್ ಒಲೆಯನ್ನು ನೆನೆಸಿಕೊಂಡೆ.

ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ನೀಲಿ ಡ್ರಮ್ಮಿನೊಳಕ್ಕೆ ಕೈ ಹಾಕಿ ಅಂಗಡಿಯವನು ಒಂದನ್ನು ಎತ್ತಿದ. ಕಪ್ಪು ಮೈ, ಚಪ್ಪಟೆ ತಲೆ, ಉದ್ದ ಮೀಸೆ. "ಇದೇ ಬಾಳೆ. ಜೀವ ಅದೆ ನೋಡಿ" ಅಂದ. ಮೀನು ಬಾಲದಿಂದ ನನ್ನ ಕನ್ನಡಕಕ್ಕೆ ನೀರು ಚಿಮ್ಮಿಸಿತು. ಮೀನು ಕೊಳ್ಳುವುದು ಹೇಗೆಂದು ಹಿಂದಿನ ದಿನ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದ್ದೆ. ಕಿವಿರು ಕೆಂಪಗಿರಬೇಕು, ಇತ್ತು. ಕಣ್ಣು ತಿಳಿಯಾಗಿರಬೇಕು, ಇತ್ತು. ಬೆರಳಿನಿಂದ ಒತ್ತಿದರೆ ಮಾಂಸ ಮೇಲೇಳಬೇಕು. ಒತ್ತಿದೆ, ಇಡೀ ಮೀನೇ ಮೇಲೆದ್ದಿತು. ತಾಜಾ ಮೀನು ಯಾವುದೆಂದು ಕಲಿತಿದ್ದೆ, ಬಾಳೆ ಮೀನು ಯಾವುದೆಂದು ಕಲಿತಿರಲಿಲ್ಲ.

"ಐಸ್ ಬೇಡ, ಒದ್ದೆ ಗೋಣಿ ಸಾಕು. ಸಂಜೆಗಂಟ ಬದುಕಿರ್ತದೆ" ಎಂದು ಅವನೇ ಸುತ್ತಿ ಕೊಟ್ಟ.

ಚಾಮರಾಜನಗರದ ಬಸ್ಸಿನಲ್ಲಿ ತೆರಕಣಾಂಬಿ ದಾಟುವಾಗ ಪೆಟ್ಟಿಗೆಯ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಪಕ್ಕದ ಸೀಟಿನ ಹೆಂಗಸು ಮಗುವನ್ನು ಆಚೆ ತೊಡೆಗೆ ಹಾಕಿಕೊಂಡು, "ಏನಣ್ಣ ಅದು, ಆವಾ?" ಎಂದಳು. ಹಾವಲ್ಲ, ಮೀನು ಎಂದೆ. ನಂಬಿದಂತೆ ಕಾಣಲಿಲ್ಲ. ನನಗೆ ಮಾತ್ರ ಪ್ರತಿ ಒದೆತಕ್ಕೂ ಧೈರ್ಯ ಬರುತ್ತಿತ್ತು. ಬದುಕಿದೆ, ಅಕ್ಕನ ಮನೆ ಮುಟ್ಟುವವರೆಗೆ ಬದುಕಿರಲಿ. ಚಾಮರಾಜನಗರದಲ್ಲಿ ಬನ್ನು, ಟೀ ಮುಗಿಸಿ, ಗೋಣಿಗೆ ಇನ್ನೊಂದು ಚೊಂಬು ನೀರು ಹಾಕಿ ಚಂದಕವಾಡಿಯ ಬಸ್ಸು ಹತ್ತಿದೆ.

ಅಕ್ಕ ಜಗಲಿಯಲ್ಲಿ ಕಾಯುತ್ತಿದ್ದಳು. ಖಾರ ರುಬ್ಬಿದ ಕೈ ಇನ್ನೂ ಕೆಂಪಗಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದವಳು ಗೋಣಿಯ ಒಂದು ತುದಿ ಎತ್ತಿ ನೋಡಿ, ಮತ್ತೆ ಮುಚ್ಚಿದಳು.

"ಇದು ಬಾಳೆ ಅಲ್ಲ ಕಣ್ಲಾ."

"ಜೀವ ಅದೆ ಅಕ್ಕ!"

"ಅದಕ್ಕೇಯ ಅಲ್ಲ ಅಂದದ್ದು. ಬಾಳೆ ನೀರು ಬುಟ್ಟ ಮೇಲೆ ಎಷ್ಟೊತ್ತು ಬದುಕ್ತದೆ? ಬಾಳೆ ಮೈ ಬೆಳ್ಳಿಯಂಗಿರ್ತದೆ, ಬಾಯಿ ಕಣ್ಣಿಂದ ಆಚೆಗಂಟ ಸೀಳಿರ್ತದೆ. ಮೀಸೆ ನಾಕು. ಇದರದ್ದು ಎಣಿಸು."

ಎಣಿಸಿದೆ. ಎಂಟಿದ್ದವು. ಕೋಳಿ ಅಂಗಡಿಯ ಕಸ ಹಾಕಿ ಹೊಂಡದಲ್ಲಿ ಕದ್ದು ಬೆಳೆಸುವ ಆಫ್ರಿಕಾದ ಮೀನು ಅದು. ಐವತ್ತೆರಡು ವರ್ಷದ ನಾನು ಹೊಸಿಲಿನಾಚೆ ನಿಂತು ಮೀಸೆ ಎಣಿಸುತ್ತಿದ್ದೆ. ಭಾವ ಮೀನು ಹಿಡಿದು ನಿಂತಿದ್ದ ಜಾಗವೂ ಅದೇ.

ಅಕ್ಕ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಜೀವ ಇರೋದ್ನ ಏನ್ ಮಾಡೀಯೆ, ಕೆರೆಗೆ ಬುಟ್ಬುಡೋಗು. ಅಲ್ಲಿ ನಂಜಯ್ಯ ಇರ್ತನೆ. ಕೆರೆಲೇ ಒಂದು ಬಾಳೆ ಹಿಡುದ್ಕೊಡು ಅಂತ ಕೇಳು. ನಿಮ್ ಭಾವನ್ ಜೊತೆಗಾರ, ಇಲ್ಲ ಅನ್ನಲ್ಲ" ಎಂದು ಒಳಗೆ ಹೋದಳು.

ನಂಜಯ್ಯ ಕೆರೆ ಏರಿಯ ಮೇಲೆ ಬಲೆ ಹೆಣೆಯುತ್ತಿದ್ದರು. ಭಾವ ಅರಿಸಿನದ ಹೊಲದ ಕೆಲಸ ಮುಗಿಸಿ ಇವರ ಜೊತೆ ಕೆರೆಗೆ ಮೀನುಮರಿ ಬಿಟ್ಟು ಬೆಳೆಸುತ್ತಿದ್ದರು. ನಾನು ಪೆಟ್ಟಿಗೆಯನ್ನು ನೀರಿನತ್ತ ವಾಲಿಸುವುದಕ್ಕೂ ಅವರು ಕೂಗುವುದಕ್ಕೂ ಸರಿಯಾಯಿತು.

"ಏಯ್ ಮೈಸೂರು ಭಾಮೈದ! ನಿನ್ ಪುಣ್ಯಕ್ಕೆ ನಮ್ ಕೆರೆನೇ ಬೇಕಾ? ಅದು ಒಳೀಕೆ ಬಿದ್ರೆ ಒಂದು ಮರೀನೂ ಉಳ್ಸಲ್ಲ ಕಣಪ್ಪ." ಎದ್ದು ಬಂದು ಬಿದಿರಿನ ಗಳುವಿನಿಂದ ಅದರ ತಲೆಗೆ ಒಂದೇ ಏಟು ಹಾಕಿದರು. ಬೆಳಗಿನಿಂದ ನನ್ನ ತೊಡೆಯ ಮೇಲೆ ಒದೆಯುತ್ತಿದ್ದದ್ದು ನಿಂತಿತು. ಅದನ್ನು ತೆಂಗಿನ ಬುಡದಲ್ಲಿ ಹೂಳಿದೆವು.

ಆಮೇಲೆ ಅಕ್ಕನ ಮಾತು ಹೇಳಿದೆ. ನಂಜಯ್ಯ ಬೀಡಿ ಹಚ್ಚಿ ನೀರಿನತ್ತ ಕೈ ಚಾಚಿದರು. ಕೆರೆ ತುಂಬಿತ್ತು. ಮೋಡ ನೀರಿಗೆ ತಾಗುವಷ್ಟು ಕೆಳಗಿತ್ತು.

"ಎಲ್ಲಿಂದ ತರನ? ನಾವು ಬುಟ್ಟ ಕಾಟ್ಲಾ ಮರಿ, ರೋಹು ಮರಿ ಎಲ್ಲಾನೂ ಬಾಳೆ ನುಂಗ್ತಿತ್ತು. ಅದಕ್ಕೇ ಹಿಡುದ್ವಿ. ಕಪ್ಪೆ ಕಟ್ಟಿ ಗಾಳ ಹಾಕಿ, ಬೇಸಿಗೇಲಿ ನೀರು ಇಳುದಾಗ ಮಡುವಿಗೆ ಬಲೆ ಬುಟ್ಟು, ಮೂರು ವರ್ಸ ಹಿಡುದ್ವಿ. ನಿಮ್ ಭಾವನೇ ಮುಂದೆ. ಆ ಸನಿವಾರ ಅವ ಎತ್ಕಂಡೋದ್ನಲ್ಲ, ಅದೇ ಕಡೇದು. ಅದಾದ ಮ್ಯಾಕೆ ಈ ನೀರಲ್ಲಿ ಬಾಳೆ ಕಂಡಿಲ್ಲ."

"ಕಡೇದು ಅಂತ ಭಾವನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಮಾರದು ಬ್ಯಾಡ ಕಣ್ಲಾ ನಂಜ, ಇದ್ನ ಅವಳ ಕೈಲಿ ಸಾರು ಮಾಡಿಸ್ತೀನಿ ಅಂದ." ಬೀಡಿಯನ್ನು ಏರಿಯ ಕಲ್ಲಿಗೆ ಒರೆಸಿದರು. "ವಾರ ಯಾವ್ದು ಅಂತ ಇಬ್ರಿಗೂ ಗ್ಯಾನ ಇರ್ಲಿಲ್ಲ. ವಾಪಸ್ ತಂದು ನಂಗೇ ಕೊಟ್ಟ. ತಿಂದೋನು ನಾನೇಯ. ನಿಮ್ಮಕ್ಕಂಗೆ ಹೇಳ್ಬೇಡಪ್ಪ."

ಬಂಡೀಪುರದಲ್ಲಿ ಹುಲಿ ಎಣಿಸಲು ಮರಮರಕ್ಕೂ ಕ್ಯಾಮೆರಾ ಕಟ್ಟುತ್ತಾರೆ. ಕೆರೆಯ ಹುಲಿಯಾದ ಬಾಳೆಯನ್ನು ಎಣಿಸಿದವರು ಇವರಿಬ್ಬರೇ, ಅದೂ ಕೊನೆಯದಾದ ಮೇಲೆ.

ಮನೆಗೆ ಬರುವ ಅರ್ಧ ಕಿಲೋಮೀಟರಿನಲ್ಲಿ ಹತ್ತು ಸುಳ್ಳು ಹೊಸೆದು ಒಂಬತ್ತನ್ನು ಬಿಸಾಡಿದೆ. "ಈ ಸಲ ನೀರು ಜಾಸ್ತಿಯಂತೆ ಅಕ್ಕ. ಬಾಳೆ ಎಲ್ಲ ಆಳಕ್ಕೆ ಇಳಿದುಬಿಟ್ಟಿದಾವಂತೆ. ಮುಂದಿನ ವರ್ಷ ನೀರು ಇಳಿದರೆ ಸಿಗ್ತದಂತೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಅದಾವಂತಾ?"

"ಅದಾವಂತೆ."

ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಎಡೆ ಇಟ್ಟೆವು. ಭಾವನ ಫೋಟೊ, ಹೊಸ ಪಂಚೆ, ಬಿಳಿ ಶರಟು, ಬೀಡಿ ಕಟ್ಟು, ಬೆಂಕಿಪೊಟ್ಟಣ. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಕೊನೆಗೆ ಅಕ್ಕ ಒಂದು ಸ್ಟೀಲ್ ಬಟ್ಟಲು ತಂದಿಟ್ಟಳು. ಹುಣಸೆಹುಳಿ, ರುಬ್ಬಿದ ಖಾರ, ಮೇಲೆ ಕೊತ್ತಂಬರಿ. ಎಲ್ಲ ಇದ್ದ ಮೀನು ಸಾರು, ಮೀನು ಮಾತ್ರ ಇರಲಿಲ್ಲ.

ಹಿರಿಯರು ಬಂದು ಉಣ್ಣಲೆಂದು ಧೂಪ ಹಾಕಿ ಬಾಗಿಲೆಳೆದುಕೊಂಡು ಹೊರಗೆ ಜಗಲಿಯಲ್ಲಿ ಕೂತೆವು. ಒಳಗೆ ಇಲಿ ಬಂದರೆ, ದೀಪದ ಬತ್ತಿ ಪಂಚೆಗೆ ತಾಗಿದರೆ ಎಂದೆಲ್ಲ ನಾನು ಹೆದರುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಬಾಗಿಲು ತಟ್ಟಿ, ತೆರೆದು, ನೇರವಾಗಿ ಬಟ್ಟಲಿನ ಹತ್ತಿರ ಹೋಗಿ ಬಗ್ಗಿದಳು. ಸಾರಿನ ಮೇಲೆ ತೆಳುವಾಗಿ ಕೆನೆ ಕಟ್ಟಿತ್ತು. ಒಂದು ಕಡೆಯೂ ಹರಿದಿರಲಿಲ್ಲ.

"ಮುಟ್ಟಿಲ್ಲ" ಎಂದಳು, ನನಗಲ್ಲ.

ಮಾರನೆಯ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆ. ಕಜ್ಜಾಯದ ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು ಪೆಟ್ಟಿಗೆಗಾಗಿ ಹುಡುಕಿದೆ. ಅಕ್ಕ ಆಗಲೇ ಅದನ್ನು ಸೋಪು ಹಾಕಿ ತೊಳೆದಿದ್ದಳು.

"ಇದ್ನ ಯಾಕೆ ಹೊತ್ಕಂಡೋದೀಯೆ? ಇಲ್ಲೇ ಮಡುಗಿರ್ತೀನಿ. ಮುಂದಿನ ಪಕ್ಷಕ್ಕೆ ಬೇಕಲ್ವಾ? ನೀರು ಇಳುದ್ರೆ ಹೇಳು ಅಂತ ನಂಜಯ್ಯಂಗೆ ನಾನೇ ದಿನಾ ಕೇಳ್ತಿರ್ತೀನಿ, ನೀನು ಹೋಗು."

ಬಸ್ಸು ಕೆರೆ ಏರಿಯನ್ನು ಬಳಸಿಕೊಂಡು ತಿರುಗುವಾಗ ಹಿಂದಿನ ಕಿಟಕಿಯಿಂದ ಅಕ್ಕನ ಮನೆ ಒಂದು ಸಲ ಕಾಣುತ್ತದೆ. ಜಗಲಿಯ ಮೇಲೆ ಬಿಳಿ ಪೆಟ್ಟಿಗೆ ಬೋರಲಾಗಿ ಒಣಗುತ್ತಿತ್ತು. ಗಾಳಿಗೆ ಹಾರಿ ಹೋಗದಿರಲೆಂದು ಅಕ್ಕ ಅದರ ಮೇಲೊಂದು ಕಲ್ಲು ಹೇರಿದ್ದಳು.