ಅಲ್ಪಾಕಗಳು ಮೇಯದ ಹುಲ್ಲು

ಮೃಣಾಲಿನಿ ಮೈಸೂರಿನವಳು. ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಯಾವ ಪ್ರಾಣಿ ಎಲ್ಲಿ ಏನು ಮೇಯುತ್ತದೆ, ಹೇಗೆ ಮೇಯುತ್ತದೆ ಎಂದು ನೋಡಿ ಬರೆಯುವುದು ಅವಳ ಕೆಲಸ. ಸೌತ್ ಸಿ ಬಡಾವಣೆಯ ಗೆಳತಿಯರು ಅವಳನ್ನು ‘ಹುಲ್ಲು ಮೇಡಂ’ ಎನ್ನುತ್ತಿದ್ದರು.

ಹೋದ ವರ್ಷ ಅವಳ ಸಂಸ್ಥೆ ಉಣ್ಣೆಗೆಂದು ಎಂಟು ಅಲ್ಪಾಕಗಳನ್ನು ತರಿಸಿತು. ಒಂಟೆಯ ಕುಲದ, ಉದ್ದ ಕತ್ತಿನ ಸಾಧು ಪ್ರಾಣಿಗಳು. ಪೆರುವಿನ ಬೆಟ್ಟಗಳಲ್ಲಿ ಹಿಂದೊಮ್ಮೆ ನಾಲ್ಕು ತಿಂಗಳು ಅವುಗಳ ಹಿಂದೆ ಅಲೆದವಳು ಮೃಣಾಲಿನಿ. ಅಲ್ಲಿ ಮಂದೆ ಗಿಡ್ಡ ಹುಲ್ಲಿಗೆ ಒಂದೆರಡು ಸಲ ಬಾಯಿ ಹಾಕಿ ಮುಂದೆ ಸರಿಯುತ್ತಿತ್ತು. ಎಲ್ಲವೂ ಒಂದೇ ಕಡೆ ಹಿಕ್ಕೆ ಹಾಕುತ್ತಿದ್ದವು. ಅದರ ಸುತ್ತಲಿನ ಹುಲ್ಲನ್ನು ಮಾತ್ರ ಮೂಸುತ್ತಲೂ ಇರಲಿಲ್ಲ. ಹೊಟ್ಟೆಹುಳದಿಂದ ಅವು ಬಚಾವಾಗುತ್ತಿದ್ದದ್ದೇ ಹಾಗೆ.

ನೈರೋಬಿಯ ಅಂಚಿನ ಲಂಗಾಟಾದಲ್ಲಿ ಅವಕ್ಕೆ ಸಿಕ್ಕಿದ್ದು ಬೇಲಿ ಹಾಕಿದ ಅರ್ಧ ಎಕರೆ. ಫೆಬ್ರವರಿಯ ಬಿಸಿಲಿಗೆ ಹುಲ್ಲು ಬೇರುಮಟ್ಟ ಹೋಯಿತು. ಏಪ್ರಿಲ್ ಮಳೆಗೆ ಮೊದಲು ಚಿಗುರಿದ್ದು ಹಿಕ್ಕೆಯ ಸುತ್ತಲಿನ ಹುಲ್ಲು. ಒಂದು ಬೆಳಿಗ್ಗೆ ಮುದಿ ಹೆಣ್ಣು ಅಲ್ಪಾಕ ಅಲ್ಲೇ ಕತ್ತು ಬಗ್ಗಿಸಿತು. ಮೃಣಾಲಿನಿ ಓಡಿಹೋಗಿ ಅದನ್ನು ಆಚೆ ಅಟ್ಟಿದಳು.

ಅಪ್ಪರ್ ಹಿಲ್ ಕಚೇರಿಯಲ್ಲಿದ್ದ ಮೇಲಧಿಕಾರಿ ಅನಂತರಾಮನಿಗೆ ಫೋನ್ ಮಾಡಿದಳು. “ಸರ್, ಪಕ್ಕದ ಜಾಗ ತಗೊಳ್ಳಲೇಬೇಕು. ಇಲ್ಲಾಂದ್ರೆ ಇವು ಉಳಿಯಲ್ಲ.”

“ಮುಂದಿನ ಮೀಟಿಂಗ್‌ನಲ್ಲಿ ಇಡ್ತೀನಿ. ಅಲ್ಲೀವರೆಗೂ ಔಷಧಿ ಕೊಡ್ತಿರಿ.”

ಜಾಗ ಸಿಗಲೇ ಇಲ್ಲ. ಔಷಧಿ ಎರಡು ಸಲ ಹಿಡಿಯಿತು, ಮೂರನೆಯ ಸಲ ಹಿಡಿಯಲಿಲ್ಲ. ಅವಳೂ ಮಂದೆ ನೋಡಿಕೊಳ್ಳುತ್ತಿದ್ದ ಮುತೋನಿಯೂ ದಿನಾ ಹಿಕ್ಕೆ ಎತ್ತಿ ಹಾಕಿದರು, ಒಣಹುಲ್ಲು ತಂದು ಸುರಿದರು. ಅಷ್ಟರಲ್ಲಿ ಹುಳು ನೆಲವೆಲ್ಲ ಹರಡಿತ್ತು. ಹುಳು ರಕ್ತ ಹೀರಿ ಒಂದೊಂದರ ಕಣ್ಣಿನ ಒಳರೆಪ್ಪೆಯೂ ಬಿಳಿಚಿಕೊಳ್ಳುತ್ತ ಬಂತು. ಜೂನ್ ಮುಗಿಯುವ ಹೊತ್ತಿಗೆ ಉಳಿದದ್ದು ಒಂದೇ.

ಅದಕ್ಕೆ ರೋಗ ಅಷ್ಟಿರಲಿಲ್ಲ. ಆದರೆ ಜೊತೆಯಿಲ್ಲದೆ ಅದು ಮೇಯಲೊಲ್ಲದು. ಮೃಣಾಲಿನಿ ಕೆಸರಿನಲ್ಲಿ ಮಂಡಿಯೂರಿ ಹುಲ್ಲು ಹಿಡಿದು ಕೂತಳು. ಅದು ಬೇಲಿಯಾಚೆ ನೋಡುತ್ತ ಸಣ್ಣಗೆ ಗುಂಯ್‌ಗುಡುತ್ತಿತ್ತು. ಆರನೆಯ ದಿನ ಅದೂ ಹೋಯಿತು. “ಪೋಲೆ, ಮೇಡಂ,” ಎಂದು ಸ್ವಾಹಿಲಿಯಲ್ಲಿ ಸಮಾಧಾನ ಹೇಳುತ್ತ ಮುತೋನಿ ಅವಳ ಭುಜ ಹಿಡಿದು ತಾನೂ ಅತ್ತಳು.

ಅನಂತರಾಮ ಕೊನೆಯ ವರದಿ ಕೇಳಿದ. “ಹವಾಮಾನ ಒಗ್ಗಲಿಲ್ಲ ಅಂತ ಬರೀರಿ, ಸಾಕು.”

“ಹವಾಮಾನ ಒಗ್ಗಿತ್ತು ಸರ್.”

“ಸತ್ತಿದ್ದು ಸತ್ತವು. ತಪ್ಪು ನಮ್ಮದು ಅಂದ್ರೆ ಸಂಸ್ಥೆಗೆ ಬರೋ ದುಡ್ಡು ನಿಲ್ಲುತ್ತೆ. ಇನ್ನೂ ಹನ್ನೊಂದು ಜನರ ಕೆಲಸ ಅದರ ಮೇಲಿದೆ. ಮುತೋನೀದೂ ಸೇರಿ.”

ಮೃಣಾಲಿನಿ ಹಾಗೆಯೇ ಬರೆದಳು.

ಸೆಪ್ಟೆಂಬರಿನಲ್ಲಿ ಬೆಟ್ಟದೂರು ಲಿಮುರುವಿನ ರೈತನೊಬ್ಬ, ತಮ್ಮ ಕಡೆ ಚಳಿ ಇದೆಯಲ್ಲ ಎಂದು ಆ ವರದಿಯನ್ನೇ ನಂಬಿ, ಮನೆ ಹಿಂದಿನ ಸಣ್ಣ ಹಿತ್ತಲಿಗೆ ಹತ್ತು ಅಲ್ಪಾಕ ತರಿಸಿದನೆಂಬ ಸುದ್ದಿ ಬಂತು. ಅವಳು ಅವನ ನಂಬರ್ ಹುಡುಕಿ ಫೋನ್ ಮಾಡಿದಳು. “ನಿಮ್ಮ ವರದಿ ತುಂಬಾ ಉಪಯೋಗ ಆಯ್ತು ಮೇಡಂ,” ಎಂದ ಆತ.